ಕಮಲತ್ತೆಯ ಬೆರಳುಗಳು

ನೀಲಗಿರಿ ಎಣ್ಣೆಯ ಘಾಟು ಎಲ್ಲಿ ಮೂಗಿಗೆ ಬಡಿದರೂ ನನಗೆ ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಯ ನಡುಮನೆ ನೆನಪಾಗುತ್ತದೆ. ಬೆಳಗಿನ ಕೆಲಸ ಮುಗಿದ ಮೇಲೆ ಕಮಲತ್ತೆ ಆ ಎಣ್ಣೆಯನ್ನು ಬೆರಳ ಗಿಣ್ಣುಗಳಿಗೆ ತಿಕ್ಕಿಕೊಂಡು, ಕಿಟಕಿಯ ಕೆಳಗೆ ಮಣೆ ಹಾಕಿ, ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು ಬರೆಯಲು ಕೂರುತ್ತಿದ್ದಳು. ಅವಳು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹಳ್ಳಿ ಬಿಟ್ಟು ನಮ್ಮ ಜೊತೆ ಇರಲು ಬಂದವಳು. ನಾನು ಹುಟ್ಟುವ ಮೊದಲೇ ಪತ್ರಿಕೆಯೊಂದರಲ್ಲಿ ಅವಳದೊಂದು ಕಥೆ ಅಚ್ಚಾಗಿತ್ತಂತೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿ, ನಾನು ಅಕ್ಷರ ಕೂಡಿಸಿ ಓದುವಷ್ಟಾದಾಗ, ಅವಳು ಒಂದು ಕಾದಂಬರಿಯ ನಡುವಿನಲ್ಲಿದ್ದಳು. ಬೆರಳುಗಳು ಆಗಲೇ ಊದಿ ಸೊಟ್ಟಗಾಗತೊಡಗಿದ್ದವು. ಹಿಡಿತ ಸಿಗಲೆಂದು ಪೆನ್ನಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡಿದ್ದಳು. ನೋಯುವುದಿಲ್ಲವೇ ಎಂದು ಕೇಳಿದರೆ ನಗುತ್ತಿದ್ದಳು. “ನೋವು ಹೋಗ್ಲಿ ಅಂತ ಕಾಯ್ತಾ ಕೂತ್ರೆ ಯಾವತ್ತೂ ಬರೆಯಕ್ಕಾಗಲ್ಲ ಕಣಮ್ಮ. ಅದರ ಪಾಡಿಗೆ ಅದು ಇರ್ಲಿ ಬುಡು.”

ಆದರೆ ಅದು ತನ್ನ ಪಾಡಿಗೆ ತಾನು ಇರಲಿಲ್ಲ. ಒಂದು ಚಳಿಗಾಲದಲ್ಲಿ ಅವಳಿಗೆ ಪೆನ್ನು ಹಿಡಿಯುವುದೇ ಆಗದೆ ಹೋಯಿತು. ಡಾಕ್ಟರ ಮಾತ್ರೆ, ಅಮ್ಮ ಕೊಡುತ್ತಿದ್ದ ಹುಣಸೆ ಸೊಪ್ಪಿನ ಶಾಖ, ಯಾವುದೂ ನಾಟಲಿಲ್ಲ. “ನೀನು ಹೇಳ್ತಾ ಹೋಗಕ್ಕಾ, ಮಗು ಬರ್ಕೊತದೆ” ಎಂದರು ಅಪ್ಪ. ನಾನು ಉತ್ಸಾಹದಿಂದ ಕೂತೆ. ಕಾದಂಬರಿಯ ಹೆಂಗಸು ಅಣ್ಣನ ಮನೆಯಲ್ಲಿ ಜಗಳವಾಡಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಕೆರೆಯ ಏರಿಯ ಮೇಲೆ ಬಂದು ನಿಂತಿದ್ದಳು. ಅತ್ತೆ ಹೇಳಿದ್ದನ್ನೆಲ್ಲ ಬರೆದು ಓದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದವಳು ಇದಲ್ಲವೆಂದು ತಲೆಯಾಡಿಸಿದಳು.

“ಬಾಯಲ್ಲಿ ಹೇಳಿದ್ರೆ ಊರ ಸುದ್ದಿ ಆಗ್ಬುಡ್ತದೆ ಕಣಮ್ಮ. ಕೈ ನಿಧಾನಕ್ಕೆ ಹೋಗೋವಾಗ್ಲೇ ನಂಗೆ ಮುಂದಿಂದು ಕಾಣ್ತಿದ್ದುದು.”

ಮತ್ತೆ ಕೆಲವು ದಿನ ಪ್ರಯತ್ನಪಟ್ಟಳು. ಆಮೇಲೊಂದು ಮಧ್ಯಾಹ್ನ ಹಲಗೆಯನ್ನು ಅಟ್ಟಕ್ಕೆ ಹಾಕಲು ಅಮ್ಮನಿಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. “ಕೆರೆ ಏರಿ ಮೇಲೆ ನಿಂತಿದ್ಲಲ್ಲ, ಅವಳು ಆಮೇಲೆ ಏನು ಮಾಡಿದ್ಲು ಅತ್ತೆ?”

“ನಂಗೂ ಗೊತ್ತಿಲ್ಲಮ್ಮ. ಬರೆದಿದ್ರೆ ಗೊತ್ತಾಗ್ತಿತ್ತು.”

ನಾನು ಕಾಲೇಜಿನಲ್ಲಿದ್ದಾಗ ಅತ್ತೆ ತೀರಿಕೊಂಡಳು. ಆ ಮನೆಯನ್ನು ಕೆಡವಿಯೂ ಬಹಳ ಕಾಲವಾಯಿತು. ಮುಂದೆ ನಾನೂ ಬರೆಯುವವಳಾದೆ. ನೋವು ಅದರ ಪಾಡಿಗೆ ಇರಲಿ ಎಂಬ ಅವಳ ಮಾತನ್ನು ನಂಬಿ ತಲೆನೋವು, ಸೊಂಟನೋವುಗಳ ನಡುವೆಯೇ ಬರೆದೆ. ದಿನದಿನದ ಸಣ್ಣ ನೋವಿಗೆ ಆ ಮಾತು ಸಾಕು. ಅವಳಿಗೆ ಬಂದಂಥದ್ದಕ್ಕೆ ಸಾಲದು. ಇದು ನಿಮಗೂ ಗೊತ್ತಿರುತ್ತದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು.

ಬರವಣಿಗೆ ನಿಂತ ಮೇಲೂ ಕೆಲಕಾಲ ಅವಳು ಪುಸ್ತಕವನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ, ಮಣಿಕಟ್ಟಿನಿಂದ ಹಾಳೆ ಮಗುಚುತ್ತ ಓದುತ್ತಿದ್ದಳು. ಅದೂ ಆಗದಾದಾಗ ನಾನು ಓದಿ ಹೇಳುತ್ತಿದ್ದೆ. ಮೊದಮೊದಲು ನಡುನಡುವೆ ತಡೆದು ಏನಾದರೂ ಕೇಳುತ್ತಿದ್ದಳು. ಬರಬರುತ್ತ ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿರುತ್ತಿದ್ದಳು. ಕಥೆ ಅರ್ಧದಲ್ಲಿರುವಾಗಲೇ ಹೊರಗೆ ಗೆಳತಿಯರು ಕೂಗಿದರೆ ನಾನು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದೆ. ಮುಂದೇನಾಯಿತೆಂದು ಅವಳು ಕೇಳುತ್ತಿರಲಿಲ್ಲ.