ಸೋದರಮಾವನ ಆಕಳು

ಅಮೋಲನಿಗೆ ವಯಸ್ಸು ಇಪ್ಪತ್ತೆಂಟು, ಹುದ್ದೆ ಸ್ಲಿಪ್ ಬಾಯ್. ಸಕ್ಕರೆ ಕಾರ್ಖಾನೆಗೆ ಯಾರ ಕಬ್ಬು ಯಾವತ್ತು ಕಡಿಯಬೇಕೆಂಬ ಚೀಟಿಯನ್ನು ರೈತರಿಗೆ ಹಂಚುವ ಕೆಲಸ ಅದು. ಮೀಸೆ ಬಂದು, ನೆತ್ತಿಯ ಕೂದಲು ಹೋಗತೊಡಗಿದ್ದರೂ ಹುದ್ದೆಯ ಬಾಲಕ್ಕಿರುವ ‘ಬಾಯ್’ ಮಾತ್ರ ಹೋಗಿರಲಿಲ್ಲ. ಹಂಗಾಮು ಮುಗಿದರೆ ಅರ್ಧ ಪಗಾರ. ಪೂರ್ತಿ ಪಗಾರದ ತಿಂಗಳುಗಳಲ್ಲೇ ಹೆಣ್ಣು ಕೊಡದವರು ಅರ್ಧ ಪಗಾರದಲ್ಲಿ ಕೊಡುತ್ತಾರೆಯೇ? ಚಿಕ್ಕೋಡಿಯಿಂದ ಅಥಣಿಯವರೆಗೆ ಎಷ್ಟೋ ಮನೆಗಳಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೀವ್ರಿ" ಎಂಬ ಮಾತು ಕೇಳಿಕೊಂಡು ಬಂದಿದ್ದ. ಹೀಗಾಗಿ ಅವನ ಮದುವೆಯಲ್ಲಿ ಸೋದರಮಾವ ಲಗಮಣ್ಣ ಮಾಡಬೇಕಿದ್ದ ಕಾರ್ಯಗಳೆಲ್ಲ ಹಾಗೇ ಉಳಿದಿದ್ದವು. ತಪ್ಪು ಮಾವನದಲ್ಲ.

ಲಗಮಣ್ಣ ಪ್ಯಾನ್‌ಮನ್ ಆಗಿದ್ದವನು. ಕುದಿಯುವ ಕಬ್ಬಿನ ರಸವನ್ನು ಹದ ನೋಡಿ ಹರಳುಗಟ್ಟಿಸುವವನು. ನಡುವಯಸ್ಸಿನಲ್ಲಿ ಕುಡಚಿಯಲ್ಲಿ ರೈಲು ಹತ್ತಿ, ಮುಂಬೈಯಲ್ಲಿ ವಿಮಾನ ಹಿಡಿದು, ಸಮುದ್ರ ದಾಟಿ ಕೀನ್ಯಾದ ಬುಂಗೋಮಾ ಕಡೆಯ ಸಕ್ಕರೆ ಕಾರ್ಖಾನೆಯೊಂದನ್ನು ಸೇರಿದ್ದ. ಹೆಂಡತಿ ಸೋನಾಬಾಯಿ ರಾಯಬಾಗದ ಹೊರಗಿನ ತೋಟದ ಮನೆಯಲ್ಲಿ ಉಳಿದು ಕಬ್ಬು ನೋಡಿಕೊಂಡಳು. ಹತ್ತಾರು ವರ್ಷ ಕಳೆದು ಅವನು ತಿರುಗಿ ಬಂದಾಗ ಜೊತೆಯಲ್ಲಿ ತಂದದ್ದು ಒಂದು ಹುಲ್ಲಿನ ಟೋಪಿ, ಒಂದು ನೋಯುವ ಮೊಣಕಾಲು, ಮತ್ತು ಎಮ್ಮೆಗಳಿಗೆ ಸ್ವಾಹಿಲಿಯಲ್ಲಿ ಬೈಯುವ ಚಟ. ಎಮ್ಮೆಗಳಿಗೂ ಅದೇ ರೂಢಿಯಾಗಿ, ಕನ್ನಡದಲ್ಲಿ ಬೈದರೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ಇನ್ನೊಂದನ್ನೂ ಸಂಪಾದಿಸಿದ್ದ: ಒಬ್ಬ ತಂಗಿ.

ಅಲ್ಲಿಗೆ ಹೋದ ಮೊದಲ ವರ್ಷ ನಾಗರ ಪಂಚಮಿ ಬಂದಾಗ ಲಗಮಣ್ಣನಿಗೆ ಕ್ವಾರ್ಟರ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಊರಲ್ಲಾಗಿದ್ದರೆ ಅಕ್ಕ, ಅಂದರೆ ಅಮೋಲನ ತಾಯಿ, ತವರಿಗೆ ಬಂದಿರುತ್ತಿದ್ದಳು. ಬುಂಗೋಮಾ ಸಂತೆಯಲ್ಲಿ ಶೇಂಗಾ ಸಿಕ್ಕಿತು, ಎಳ್ಳೂ ಸಿಕ್ಕಿತು. ಬೆಲ್ಲದ ಪಾಕ ಹಿಡಿಯುವುದನ್ನು ಪ್ಯಾನ್‌ಮನ್‌ಗೆ ಯಾರೂ ಕಲಿಸಬೇಕಿರಲಿಲ್ಲ. ಉಂಡಿ ಕಟ್ಟಿದ. ಕಟ್ಟಿದ ಮೇಲೆ ಕೊಡುವುದು ಯಾರಿಗೆ? ಪಕ್ಕದ ಮನೆಯ ನಫುಲಾ ಬಟ್ಟೆ ಒಣಹಾಕುತ್ತಿದ್ದಳು. ಆಕೆಗೆ ಅಣ್ಣತಮ್ಮಂದಿರು ಇರಲಿಲ್ಲ. ಇವನು ಉಂಡಿಯ ಜೊತೆಗೆ ಊರಿಂದ ತಂದಿದ್ದ ಕುಪ್ಪಸದ ಖಣವನ್ನೂ ಕೊಟ್ಟು, "ನಮ್ಮಲ್ಲಿ ಅಣ್ಣ ತಂಗಿಗೆ ಹೀಗೆ ಕೊಡುತ್ತಾನೆ" ಎಂದು ಹರಕುಮುರುಕು ಸ್ವಾಹಿಲಿಯಲ್ಲಿ ಹೇಳಿದ. ಹಬ್ಬ ಮುಗಿಯಿತು, ಮನಸ್ಸು ಹಗುರಾಯಿತು ಎಂದುಕೊಂಡ. ನಫುಲಾ ಹಾಗೆ ಅಂದುಕೊಳ್ಳಲಿಲ್ಲ. ಮರುದಿನವೇ ಅವಳ ಪುಟ್ಟ ಮಗಳು ನೆಕೆಸಾ ಬಂದು "ಮಾಮಾ" ಎಂಬರ್ಥದ ತಮ್ಮ ಮಾತಿನಿಂದ ಕೂಗಿ ಅವನ ತೊಡೆಯೇರಿ ಕೂತಳು. ಅಂದಿನಿಂದ ಪ್ರತಿ ಪಂಚಮಿಗೂ ಉಂಡಿ ಹೋಯಿತು. ಊರಿಗೆ ಮರಳಿದ ಮೇಲೆ ಉಂಡಿಯ ಬದಲು ಫೋನು ಹೋಯಿತು.

ಈಗ ಆ ನೆಕೆಸಾಳಿಗೆ ಮದುವೆ. ಬರುವ ಶನಿವಾರ. ಮೊಣಕಾಲಿನಿಂದಾಗಿ ಲಗಮಣ್ಣ ಹೋಗುವಂತಿರಲಿಲ್ಲ. ಅದಕ್ಕೇ ಒಂದು ರೇಷ್ಮೆ ಸೀರೆ ಕಳಿಸಿ, ಮಾವನ ಕೆಲಸ ಮುಗಿಸಿದೆ ಎಂದು ಮೀಸೆ ತಿರುವುತ್ತ ಕೂತಿದ್ದ. ಅಷ್ಟರಲ್ಲಿ ನಫುಲಾ ಫೋನು ಮಾಡಿದಳು. ಮೊದಲು ನಗುತ್ತ ಮಾತಾಡುತ್ತಿದ್ದ ಲಗಮಣ್ಣ ನಡುವೆ ದನಿ ಏರಿಸಿ, ಕಡೆಗೆ ಕನ್ನಡದಲ್ಲೇ "ಸಾಧ್ಯ ಇಲ್ಲ ತಂಗಿ!" ಎಂದು ಫೋನು ಇಟ್ಟುಬಿಟ್ಟ.

"ಏನಾತ್ರಿ?" ಎಂದಳು ಸೋನಾಬಾಯಿ.

"ಗಂಡಿನ ಕಡಿಯವ್ರು ನನಗ ಒಂದು ಆಕಳ ಕೊಡ್ತಾರಂತ! ಹುಡಿಗಿ ಸೋದರಮಾವ ಆಕಳದ ಹಗ್ಗ ಹಿಡದ್ರನ ಅಲ್ಲೆ ಮದವಿ ಮುಂದ ಹೋಗೂದಂತ. ನಾ ಎಂದರ ತಗೋತೀನೇನು? ಮಗಳ ಮದವ್ಯಾಗ ಮಾವಾದಾಂವ ಕೊಡಬೇಕ, ಕೈ ಒಡ್ಡಬಾರದು!"

ಸಂಜೆಯೊಳಗೆ ನಫುಲಾಳ ಗಂಡನ ಫೋನು ಅಮೋಲನಿಗೆ ಬಂತು. ಅಮೋಲನ ಇಂಗ್ಲಿಷು ಕಬ್ಬಿನ ಚೀಟಿಯ ಮೇಲೆ ಎಷ್ಟು ಹಿಡಿಯುತ್ತದೋ ಅಷ್ಟೇ ಉದ್ದದ್ದು. ಆದರೂ ವಿಷಯ ತಿಳಿಯಿತು. ಮಾವ ಆಕಳು ಬೇಡ ಎಂದನೆಂದರೆ ಅಲ್ಲಿಯ ರೀತಿಯಲ್ಲಿ ಅದಕ್ಕೆ ಒಂದೇ ಅರ್ಥ: ಈ ಗಂಡು ಮಾವನಿಗೆ ಒಪ್ಪಿಗೆಯಿಲ್ಲ. ಗಂಡಿನ ಅಜ್ಜ ಸಿಟ್ಟಾಗಿ, ಶನಿವಾರದ ಮಾತೇ ಬೇಡ ಎಂದು ಕೂತಿದ್ದಾನೆ. ನೆಕೆಸಾ ಅಳುತ್ತಿದ್ದಾಳೆ.

ಅಮೋಲ ಮೋಟರ್‌ಸೈಕಲ್ ಹತ್ತಿ ತೋಟಕ್ಕೆ ಬಂದು ಇದನ್ನೆಲ್ಲ ಒಪ್ಪಿಸಿದ. ಅಳು ಎಂಬ ಮಾತು ಕೇಳಿ ಲಗಮಣ್ಣನ ಮುಖ ಸಣ್ಣದಾಯಿತು. ಆದರೂ ಪಟ್ಟು ಬಿಡಲಿಲ್ಲ.

"ಊರಾಗಿನ ಮಂದಿ ಏನಂದಾರು? ಲಗಮಣ್ಣ ಹೆಣ್ಣ ಕೊಟ್ಟು ಆಕಳ ತಗೊಂಡಾನ ಅನ್ನಂಗಿಲ್ಲೇನು?"

ಸೋನಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಅಲ್ರೀ, ನೀವು ಉಂಡಿ ಕೊಟ್ಟಾಗ ಆಕಿ ‘ನಮ್ಮಲ್ಲಿ ಇದು ಪದ್ಧತಿ ಇಲ್ಲ’ ಅಂತ ಮುಖ ತಿರವಿದ್ಳೇನು? ನಮ್ಮ ರೀತಿಗೆ ತಂಗಿ ಆದಳು. ನೀವು ಅವರ ರೀತಿಗೆ ಅಣ್ಣ ಆಗಾಕ ಒಲ್ಲೆ ಅಂತೀರಿ."

"ಹಂಗಲ್ಲ ಬೇ..."

"ಹಂಗ ಅದು. ಆಕಳ ಹಿಡೀರಿ. ಕೈ ಒಡ್ಡಿದ್ನಿ ಅನಸಿದ್ರ, ಅದರ ಮೊದಲ ಕರಾ ನೆಕೆಸಾಗ ಬಳುವಳಿ ಅನ್ನರಿ. ತಗೊಂಡಂಗೂ ಆತು, ತವರಮನಿಯಿಂದ ಕೊಟ್ಟಂಗೂ ಆತು."

ಲಗಮಣ್ಣ ಟೋಪಿಯ ಅಂಚು ಸವರಿದ. "ಲೇ ಅಮ್ಯಾ," ಎಂದ ಕಡೆಗೆ, "ಆಕಳ ಹುಡುಕಪಾ."

ಆಕಳನ್ನು ಸಮುದ್ರದ ಮೇಲೆ ತರಲು ಬರುವುದಿಲ್ಲ. ಗಂಡಿನ ಕಡೆಯವರು ಕಳಿಸುವ ದುಡ್ಡಿನಲ್ಲಿ ಇಲ್ಲಿಯದನ್ನೇ ಕೊಂಡು, ಅವರೇ ಕೊಟ್ಟಂತೆ ಮಾಡುವುದೆಂದು ಎರಡೂ ಕಡೆಯವರು ಒಪ್ಪಿದರು. ಶನಿವಾರ ಮಧ್ಯಾಹ್ನ, ಅಲ್ಲಿ ಇನ್ನೂ ಬೆಳಗಿನ ಹೊತ್ತಿರುವಾಗ, ಮಾವ, ಮಾಮಿ, ಅಮೋಲ ಮೂವರೂ ಚಿಂಚಲಿಯ ದನಗಾರ ಮಾಳಸಿದ್ದನ ಹಟ್ಟಿಯಲ್ಲಿ ನಿಂತಿದ್ದರು. ಅಮೋಲನ ಕೈಯಲ್ಲಿ ಫೋನು, ಫೋನಿನ ತುಂಬ ಬುಂಗೋಮಾದ ಬೀಗರು. ಎದುರಿಗೆ ಉದ್ದ ಕೋಡಿನ ಬಿಳಿ ಖಿಲಾರಿ ಆಕಳು. ಮಾಳಸಿದ್ದನ ಹೆಂಡತಿ ಕೆಂಪವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೋಡಿಗೆ ಗೊಂಡೆ ಕಟ್ಟಿ, ಮಗಳನ್ನು ಕಳಿಸುವವಳಂತೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಪರದೆಯಲ್ಲಿ ಗಂಡಿನ ಅಜ್ಜ ಕಾಣಿಸಿಕೊಂಡ. ಕೋಟು, ಟೋಪಿ, ಕೈಯಲ್ಲಿ ಕೋಲು. ನಗಲಿಲ್ಲ. ಏನೋ ಅಂದ.

"ಹಲ್ಲ ತೋರಸ್ರಿ ಅನ್ನಾಕತ್ತಾನ," ಎಂದ ಲಗಮಣ್ಣ.

ಮಾಳಸಿದ್ದನಿಗೆ ರೇಗಿತು. "ನಮ್ಮ ಹಟ್ಟಿ ಆಕಳದ ಹಲ್ಲ ಎಣಸಾಂವ ಯಾಂವಪಾ ಅಂವ? ಮಾಯಕ್ಕದೇವಿ ಆಣಿ, ಇಂಥಾ ಆಕಳ ಅವನ ದೇಶದಾಗ..." ಅನ್ನುತ್ತಲೇ ಬಾಯಿ ಬಿಡಿಸಿ ತೋರಿಸಿದ. ಅಜ್ಜ ಕೆಚ್ಚಲು ನೋಡಬೇಕೆಂದ, ಗೊರಸು ನೋಡಬೇಕೆಂದ, ನಡೆಸಿ ತೋರಿಸಿ ಎಂದ. ಪ್ರತಿ ಪ್ರಶ್ನೆಗೂ ಮಾಳಸಿದ್ದನ ಸಿಟ್ಟು ಇಳಿಯುತ್ತ ಹೋಯಿತು.

"ಲಗಮಣ್ಣಾರ, ಈ ಮುದುಕಗ ದನದಾಗಿಂದು ತಿಳೀತೈತ್ರಿ! ಅವನ ಹಟ್ಯಾಗ ಎಷ್ಟ ಅದಾವ ಕೇಳ್ರಿ."

ಮದುವೆ ಬದಿಗೆ ಉಳಿದು, ಇಬ್ಬರು ಮುದುಕರು ದನದ ಸುದ್ದಿಗೆ ಇಳಿದರು. ನಡುವೆ ನಿಂತ ಲಗಮಣ್ಣ ಅತ್ತ ಕನ್ನಡ, ಇತ್ತ ಸ್ವಾಹಿಲಿ ಮಾತಾಡಿಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಕೋಡು ಕಂಡ ಅಜ್ಜ ಕೋಲು ಎತ್ತಿ ಅಳತೆ ಹಿಡಿದು, ಕಡೆಗೂ ನಕ್ಕ.

ಆಗ ಒಂದು ತೊಡಕು ಬಂತು. ಹಗ್ಗವನ್ನು ಮಾವನ ಕೈಗೆ ಕೊಡುವವರು ಯಾರು? ಮಾಳಸಿದ್ದ ಮಾರಿದವನು, ಅವನು ಕೊಟ್ಟರೆ ವ್ಯಾಪಾರವಾಗುತ್ತದೆ. ಗಂಡಿನ ಕಡೆಯವರೇ ಕೊಡಬೇಕು. ಅವರೆಲ್ಲ ಸಮುದ್ರದಾಚೆ ಇದ್ದಾರೆ. ಅಜ್ಜ ಪರದೆಯೊಳಗಿಂದ ಹಟ್ಟಿಯನ್ನೆಲ್ಲ ನೋಡಿ, ಫೋನು ಹಿಡಿದವನತ್ತಲೇ ಬೆರಳು ಮಾಡಿದ.

"ಅಮ್ಯಾ, ಇವತ್ತ ನೀ ಗಂಡಿನ ಕಡಿಯಾಂವ ಅಂತ," ಎಂದ ಮಾವ.

ಎಷ್ಟೋ ವರ್ಷ, ಎಷ್ಟೋ ತಟ್ಟೆ ಅವಲಕ್ಕಿ ಆದ ಮೇಲೆ ಅಮೋಲನನ್ನು ಗಂಡಿನ ಕಡೆಯವನೆಂದು ಒಪ್ಪಿಕೊಂಡ ಮೊದಲ ಮನೆತನ ಅದು. ಅವನು ಅಂಗಿ ಸರಿಮಾಡಿಕೊಂಡು, ಫೋನನ್ನು ಮಾಮಿಯ ಕೈಗಿತ್ತು, ಹಗ್ಗ ಹಿಡಿದು ನಿಂತ.

ಲಗಮಣ್ಣನ ಕೈ ಅರ್ಧಕ್ಕೆ ಬಂದು ನಿಂತಿತು. ಪರದೆಯಲ್ಲಿ ಅಜ್ಜನ ಹಿಂದೆ ನೆಕೆಸಾ ಬಂದು ನಿಂತಿದ್ದಳು. ಇವನು ಕಳಿಸಿದ ಸೀರೆಯನ್ನು ಯಾರೋ ತಿಳಿದಂತೆ ಸುತ್ತಿದ್ದರು, ಸೆರಗು ಎಡವೋ ಬಲವೋ ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆಯೇ ಒಮ್ಮೆ ಕರೆದಳು. ಲಗಮಣ್ಣ ಹಗ್ಗ ಹಿಡಿದ. ಒಂದು ಕೈಯಲ್ಲಲ್ಲ, ಎರಡೂ ಕೈಯಲ್ಲಿ. ಆಮೇಲೆ, ಮೊದಲ ಕರು ನೆಕೆಸಾಳದು, ಗಂಡನನ್ನು ಕರೆದುಕೊಂಡು ತವರಿಗೆ ಬಂದು ನೋಡಬೇಕು ಎಂದು ಸ್ವಾಹಿಲಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದ.

ನಫುಲಾ ಮೊದಲು ಕೂಗಿದಳು. ಹಿಂದೆಯೇ ಅಲ್ಲಿದ್ದ ಹೆಂಗಸರೆಲ್ಲ ನಾಲಿಗೆ ಹೊರಳಿಸುತ್ತ ಒಂದೇ ಸಮನೆ ಉಲಿದರು. ಆ ಮಂಗಳಧ್ವನಿ ಫೋನಿನಿಂದ ಸಿಡಿದು ಬಂದದ್ದೇ ತಡ, ಆಕಳು ಬೆದರಿ ಬಾಲ ಎತ್ತಿ ಜಿಗಿಯಿತು. ಮಾವ ಹಗ್ಗ ಬಿಡಲಿಲ್ಲ; ಬಿಡಬೇಕಾಗಿದ್ದ ಅಮೋಲನೂ ಬಿಟ್ಟಿರಲಿಲ್ಲ. ಗಂಡಿನ ಕಡೆಯ ಏಕೈಕ ಪ್ರತಿನಿಧಿ ನಾಲ್ಕು ಹೆಜ್ಜೆ ಓಡಿ ತಿಪ್ಪೆಯಲ್ಲಿ ಕೂತ.

ಬುಂಗೋಮಾ ಪೂರ್ತಿ ನಕ್ಕಿತು. ಅಜ್ಜ ಕಣ್ಣು ಒರೆಸಿಕೊಳ್ಳುತ್ತ ಏನೋ ಕೇಳಿದ.

"ಏನಂತಾನ್ರಿ ಅಜ್ಜ?" ಎಂದಳು ಕೆಂಪವ್ವ, ಅಮೋಲನಿಗೆ ನೀರು ಕೊಡುತ್ತ.

"ಇಂವಗ ಮದವಿ ಆಗೇತೇನು ಅಂತ ಕೇಳಾಕತ್ತಾನ. ಆಗಿಲ್ಲಂದ್ರ ಅಲ್ಲೆ ಹೆಣ್ಣ ಅದಾವಂತ. ಎಷ್ಟ ಆಕಳ ಕೊಡ್ತಾನ ಅಂತ."

"ಸ್ಲಿಪ್ ಕೊಡ್ತಾನ ಅನ್ನರಿ ಮಾಮಾ," ಎಂದ ಅಮೋಲ, ಸಗಣಿ ಒರೆಸಿಕೊಳ್ಳುತ್ತ. "ಬೇಕಾದಷ್ಟ ಅದಾವು."

ಅಂದು ಅಲ್ಲಿಯ ಮಧ್ಯಾಹ್ನಕ್ಕೇ ನೆಕೆಸಾಳ ಮದುವೆ ಆಯಿತು. ಸಂಜೆಗೆ ಆಕಳು ಟೆಂಪೋದಲ್ಲಿ ರಾಯಬಾಗ ಸೇರಿತು. ಊರ ಮಂದಿ ನೋಡಲು ಬಂದರು. ಹೆಣ್ಣು ಕೊಟ್ಟು ಆಕಳು ತಂದ ಎಂದು ಯಾರೂ ಆಡಿಕೊಳ್ಳಲಿಲ್ಲ. ಕೀನ್ಯಾದ ಬೀಗರು ಇಷ್ಟು ಉದ್ದ ಕೋಡು ಎಲ್ಲಿಂದ ಹುಡುಕಿದರು ಎಂದಷ್ಟೇ ಕೇಳಿದರು. ಚಿಂಚಲಿಯಿಂದ ಎಂದು ಅಮೋಲ ಹೇಳಲು ಹೋದರೆ ಮಾವ ಅವನ ಕಾಲು ತುಳಿದ.

ಮರುದಿನ ಬೆಳಿಗ್ಗೆ ಲಗಮಣ್ಣ ದನದ ಕೊಟ್ಟಿಗೆಗೆ ಹೋಗಿ, ರೂಢಿಯಂತೆ ಸ್ವಾಹಿಲಿಯಲ್ಲಿ ಗದರಿದ. ಎಮ್ಮೆಗಳೆಲ್ಲ ದಡಬಡ ಎದ್ದವು. ಹೊಸ ಆಕಳು ಮೆಲುಕು ಹಾಕುತ್ತ ಮಲಗಿಯೇ ಇತ್ತು.

"ಬೀಗರ ಮನಿ ಆಕಳರಿ ಅದು," ಎಂದಳು ಒಳಗಿಂದ ಸೋನಾಬಾಯಿ. "ಮರ್ಯಾದಿಲೆ ಎಬ್ಬಸ್ರಿ."

ಲಗಮಣ್ಣ ಆಚೀಚೆ ನೋಡಿದ. ಅಮೋಲ ಬಿಟ್ಟರೆ ಯಾರೂ ಇರಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮೆಲ್ಲಗೆ, "ಏಳ್ರಿ ತಾಯಿ" ಎಂದ.

ಎದ್ದಿತು.