ಹೊರೆ ಎಲ್ಲಿ ಇಳಿಸುತ್ತೀರಿ?

ಸಿದ್ದಾಪುರಕ್ಕೆ ಬಂದ ಎರಡನೆಯ ದಿನ, ಕಾಡಿನಂಚಿಗೆ ಹೋಗಿ ಮರಳಿದಾಗ, ಶಾಂತಕ್ಕ ನನ್ನನ್ನು ಬಾಗಿಲಲ್ಲೇ ತಡೆದರು. ನಾನು ಬಾಡಿಗೆಗೆ ಹಿಡಿದಿರುವ ಮಹಡಿ ಕೋಣೆ ಅವರದು. "ತಡಿಯೇ ಕೂಸೆ, ಒಳಗೆ ಬರಡ" ಎಂದು ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. ಕಿವಿಯ ಹಿಂದೆ, ಕುತ್ತಿಗೆಯ ಕೂದಲಲ್ಲಿ, ಮೊಣಕಾಲಿನ ಹಿಂಭಾಗದಲ್ಲಿ ಬೆರಳಾಡಿಸಿ ನೋಡಿದರು. ನಾನು ಸುಲಭವಾಗಿ ಯಾರಿಂದಲೂ ಮುಟ್ಟಿಸಿಕೊಳ್ಳುವವಳಲ್ಲ. ಅವ್ವ ನನ್ನ ತಲೆ ಬಾಚಿದ್ದು ಶಾಲೆಯ ದಿನಗಳಲ್ಲೇ ಕೊನೆ. ನಾನು ಹಿಂದೆ ಸರಿಯುವಷ್ಟರಲ್ಲಿ ಅವರು ಹಿಮ್ಮಡಿಯ ಮೇಲೆ ಹರಿದಾಡುತ್ತಿದ್ದ, ಸಾಸಿವೆಗಿಂತ ಚಿಕ್ಕದಾದ ಏನನ್ನೋ ಕಾಗದದ ಚೂರಿನಲ್ಲಿ ಎತ್ತಿ ಒಲೆಗೆ ಹಾಕಿದರು.

"ಉಣುಗು. ಬೆಟ್ಟಕ್ಕೆ ಹೋಗಿ ಬಂದವ್ವು ಯಾರೇ ಆಗ್ಲಿ, ಆನು ನೋಡದ್ದೆ ಒಳಗೆ ಬಿಡ್ತ್ನಿಲ್ಲೆ."

ನಮ್ಮ ವಿಜಯಪುರದ ಕಡೆ ಎಮ್ಮೆಯ ಕಿವಿಯಲ್ಲಿ ಕಾಣುವ ಉಣ್ಣಿಯ ಕಾಡಿನ ತಮ್ಮ ಅದು. ಎರಡು ವರ್ಷ ನಾನು ಅದನ್ನು ಸೂಕ್ಷ್ಮದರ್ಶಕದಲ್ಲಿ ದೊಡ್ಡದು ಮಾಡಿ ನೋಡಿದ್ದೆ. ನನ್ನ ಕಾಲಿನ ಮೇಲೆ ಅದು ನಡೆಯುವಾಗ ಗೊತ್ತೇ ಆಗಿರಲಿಲ್ಲ.

ನಾನು ಸಂಶೋಧನೆಗೆಂದು ಇಲ್ಲಿಗೆ ಬಂದದ್ದು ಅದು ತರುವ ಕಾಯಿಲೆಗಾಗಿ. ಮಳೆ ನಿಂತು ಎಲೆ ಉದುರುವ ತಿಂಗಳುಗಳಲ್ಲಿ ಕಾಡಿನಲ್ಲಿ ಮಂಗಗಳು ಸಾಯುತ್ತವೆ, ಆಮೇಲೆ ಮನುಷ್ಯರಿಗೆ ಜ್ವರ. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ನನ್ನ ಕೆಲಸ ಜ್ವರ ಬಿಟ್ಟ ಮೇಲಿನದು. ವೈರಾಣು ರಕ್ತದಿಂದ ಹೋದ ಮೇಲೂ ಕೆಲವರ ಮೈ ಏಕೆ ಚೇತರಿಸಿಕೊಳ್ಳುವುದಿಲ್ಲ? ಕಳ್ಳ ಓಡಿಹೋದರೂ ಮೈಯ ಕಾವಲುಗಾರ ಲಾಠಿ ಬೀಸುತ್ತಲೇ ಇದ್ದಾನೆಯೇ? ಇದರಲ್ಲೇ ಇನ್ನೊಂದು ಆಸೆಯೂ ಇದೆ. ಸತ್ತ ವೈರಾಣುವಿನಿಂದ ಮಾಡಿದ ಹಳೆಯ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಅದರ ರಕ್ಷಣೆ ಬೇಗ ಇಳಿಯುತ್ತಿತ್ತು, ಈಗ ಅದನ್ನು ಕೊಡುತ್ತಿಲ್ಲ. ಹೊಸದು ಮಾಡುವವರು ವೈರಾಣುವಿನ ಒಂದು ತುಣುಕನ್ನು ಮಾತ್ರ ಮೈಗೆ ಪರಿಚಯಿಸಲು ನೋಡುತ್ತಿದ್ದಾರೆ. ಯಾವ ತುಣುಕು ಎಂಬುದನ್ನು ಗುಣವಾದವರ ರಕ್ತವೇ ಹೇಳಬೇಕು. ಏಕೆಂದರೆ ಅದು ನೆನಪಿಟ್ಟುಕೊಂಡಿರುತ್ತದೆ.

ನಮ್ಮೂರಿನವರು ನೀವೆಲ್ಲ ಕೇಳುತ್ತೀರಿ, ಒಬ್ಬಳೇ ಹೇಗಿದ್ದೀ ಎಂದು. ನಮ್ಮಲ್ಲಿ ಬಯಲಿನಾಚೆ ಬರುವ ಬಸ್ಸಿನ ಧೂಳು ಅರ್ಧ ಗಂಟೆ ಮೊದಲೇ ಕಾಣುತ್ತದೆ. ಇಲ್ಲಿ ಎದುರಿನ ತಿರುವಿನಲ್ಲಿ ಏನಿದೆಯೆಂದು ತಿರುವಿಗೆ ಹೋಗಿಯೇ ನೋಡಬೇಕು. ಮೊದಲ ತಿಂಗಳು ಕಣ್ಣಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ನಮ್ಮಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಇಲ್ಲಿ "ಆಸ್ರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳುತ್ತಾರೆ. ಆಸರಿಗೆ ಎಂದರೆ ಬಾಯಾರಿಕೆಗೆ ಕೊಡುವುದು: ಮಜ್ಜಿಗೆ, ಕಷಾಯ, ಏನಾದರೂ; ಅದರಲ್ಲಿ ಯಾವುದಾದೀತು ಎಂಬುದು ಪ್ರಶ್ನೆ. ಏನೂ ಬೇಡ ಎಂದರೆ ಏನೋ ಸಿಟ್ಟಿದೆ ಎಂದು ಅರ್ಥ. ಎರಡನೆಯ ವಾರದಿಂದ ಕಣ್ಣು ಮುಚ್ಚಿ ಕಷಾಯ ಅನ್ನುತ್ತಿದ್ದೇನೆ.

ಅನ್ನ ರೂಢಿಯಾಯಿತು. ಆದರೂ ಅವ್ವ ಕಳಿಸುವ ಕಟಕಟಿ ಜೋಳದ ರೊಟ್ಟಿಯ ಗಂಟು ಬಂದ ದಿನ ನಾನು ಶಾಂತಕ್ಕನವರ ಊಟಕ್ಕೆ ಇಳಿಯುವುದಿಲ್ಲ. ಆ ರೊಟ್ಟಿ ಅವ್ವ ಬಡಿದದ್ದಲ್ಲ, ಓಣಿಯಲ್ಲಿ ಯಾರೋ ಬಡಿದದ್ದು. ಅಂಚು ನೋಡಿದರೆ ತಿಳಿಯುತ್ತದೆ. ನಾನು ಚಿಕ್ಕವಳಿದ್ದಾಗ ಅವ್ವನಿಗೆ ಕೀಲು ಹಿಡಿಯುವ ಚಿಕೂನ್‌ಗುನ್ಯಾ ಬಂದಿತ್ತು. ಕೇಳಿದರೆ "ಅದೆಲ್ಲಾ ಯಾವಾಗೋ ಆರಾಮ ಆತು" ಅನ್ನುತ್ತಾಳೆ. ನಾನೂ ಹಾಗೇ ನಂಬಿಕೊಂಡಿದ್ದೆ.

ಕೆಲಸದ ಮೊದಲ ತೊಡಕು ನನ್ನ ಮಂಜುಗಡ್ಡೆಯ ಪೆಟ್ಟಿಗೆ. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಶಿರಸಿಯ ಪ್ರಯೋಗಾಲಯ ತಲುಪಬೇಕು. ಇಲ್ಲಿ ಅಂಥ ಬಿಳಿ ಪೆಟ್ಟಿಗೆ ಹಿಡಿದು ಊರೂರು ತಿರುಗುವವರು ಕರಾವಳಿಯಿಂದ ಬರುವ ಮೀನಿನವರು. ಬಸ್ಸಿನಲ್ಲಿ ಒಬ್ಬ ಹೆಂಗಸು ಮುಚ್ಚಳ ಎತ್ತಲು ಕೈ ಹಾಕಿ, "ಬಂಗ್ಡೆ ಉಂಟಾ, ಬರೀ ತಾರ್ಲೆಯಾ?" ಎಂದು ಕೇಳಿದರು. ಮೀನು ಮುಟ್ಟದ ಶಾಂತಕ್ಕ ಅದನ್ನು ಮೆಟ್ಟಿಲು ಹತ್ತಿಸಲೇ ಬಿಡಲಿಲ್ಲ. ಕೊನೆಗೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ರಕ್ತ' ಎಂದು ಬರೆದೆ. ಆಮೇಲೆ ಕಂಡಕ್ಟರ್ ನನ್ನ ಪಕ್ಕದ ಸೀಟನ್ನು ಖಾಲಿಯೇ ಬಿಡಿಸುತ್ತಾರೆ: "ಬರ್ರಿ ಮೇಡಂ, ನಿಮ್ಮ ಬಾಜೂ ಯಾರೂ ಕುಂಡ್ರಂಗಿಲ್ಲ."

ಎರಡನೆಯ ತೊಡಕು ನಾನೇ ಮಾಡಿಕೊಂಡದ್ದು.

ನನ್ನ ಬಳಿ ಅಚ್ಚುಹಾಕಿದ ಪ್ರಶ್ನೆಗಳಿದ್ದವು. 'ಕಳೆದ ಏಳು ದಿನಗಳಲ್ಲಿ ನಿಮಗೆ ಆಯಾಸವಾಗಿದೆಯೇ? ಇಲ್ಲ, ಸ್ವಲ್ಪ, ಹೆಚ್ಚು, ಬಹಳ ಹೆಚ್ಚು.' ಮನೆಮನೆಯ ಜಗಲಿಯಲ್ಲಿ ಕುಳಿತು ಓದಿದೆ. ದೊಡ್ಮನೆ ಕಡೆಯ ಒಂದು ಊರಿನಲ್ಲಿ ಜ್ವರ ಬಂದು ಹೋದವರೆಲ್ಲ ಒಂದೇ ಉತ್ತರ ಕೊಟ್ಟರು. ಗಿರಿಜಾ ಎಂದು ನಾನಿಲ್ಲಿ ಕರೆಯುವ ಒಬ್ಬಾಕೆ ಕೂಡ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಸ್ವಲ್ಪ ಗದ್ದೆಯಿರುವ ಮನೆಯ ಸೊಸೆ, ಬಿಡುವಿನಲ್ಲಿ ತೋಟದವರ ಕೆಲಸಕ್ಕೂ ಹೋಗುವವಳು. ಹಿಂದಿನ ವರ್ಷ ಜ್ವರದಲ್ಲಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಕಂಬಕ್ಕೆ ಒರಗಿ, ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆಯನ್ನೊಮ್ಮೆ ನೋಡಿ ಹೇಳಿದಳು, "ಎಂತದೂ ಇಲ್ರಾ. ಹುಷಾರಿದೀನಿ." ನಾನು ಸೊನ್ನೆ ಬರೆದೆ.

ಸೊನ್ನೆಗಳ ಪಟ್ಟಿ ನೋಡಿ ಬೆಂಗಳೂರಿನಿಂದ ನಮ್ಮ ಮಾರ್ಗದರ್ಶಕರು ಫೋನ್ ಮಾಡಿದರು. ಜ್ವರದ ನಂತರ ಉಳಿಯುವ ಲಕ್ಷಣವೇ ಇಲ್ಲದ ಊರಿನಲ್ಲಿ ಅದರ ಕಾರಣ ಹುಡುಕುವುದು ಹೇಗೆ, ಮುಂದಿನ ಸಭೆಯಲ್ಲಿ ಆ ಊರನ್ನು ಅಧ್ಯಯನದಿಂದ ಬಿಡೋಣ ಎಂದರು. ತಪ್ಪು ಹೇಳಲಿಲ್ಲ. ಕಾಗದ ಹೇಳಿದ್ದನ್ನೇ ಅವರು ಹೇಳಿದರು.

ಶಾಂತಕ್ಕ ಪ್ರಶ್ನೆಪತ್ರಿಕೆ ಓದಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೂ ಹಿಂದೆ ಜ್ವರ ಬಂದಿತ್ತು.

"ಅತ್ತೆ ಎದುರಿಗೆ ಜಗಲಿ ಮೇಲೆ ಕೂರಿಸ್ಕಂಡು ಸುಸ್ತಾ ಹೇಳಿ ಕೇಳಿದ್ರೆ ಯಾವ ಸೊಸೆ ಹೌದು ಹೇಳ್ತು? ನಾಳೆ ಕೆಲ್ಸಕ್ಕೆ ಕರೆಯವ್ವು ಕೇಳಿಸ್ಕಂಡ್ರೆ? ಓದಿದ ಕೂಸು, ಅಷ್ಟೂ ಗೊತ್ತಾಗ್ತಿಲ್ಯ?"

"ಮತ್ತೆ ಹೇಗೆ ಕೇಳಲಿ?"

"ಕೇಳಡ. ದರಕಿಗೆ ಹೋಗು ಅದ್ರ ಸಂತಿಗೆ."

ದರಕು ಎಂದರೆ ಉದುರಿದ ಒಣ ಎಲೆ, ಸಂತಿಗೆ ಎಂದರೆ ಜೊತೆಗೆ. ಪ್ರತಿ ತೋಟಕ್ಕೂ ಸೊಪ್ಪು, ದರಕು ತರಲು ಒಂದಿಷ್ಟು ಕಾಡು ಬಿಟ್ಟಿರುತ್ತಾರೆ. ಎಷ್ಟೇ ತಗ್ಗಿನಲ್ಲಿದ್ದರೂ ಅದನ್ನು ಬೆಟ್ಟ ಎನ್ನುತ್ತಾರೆ. ಎಲೆ ಗುಡಿಸಿ ಹೆಡಿಗೆಯೆಂಬ ದೊಡ್ಡ ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತಾರೆ. ಉಣುಗು ಇರುವುದೂ ಆ ಎಲೆಯಲ್ಲೇ, ಅದೂ ಅದೇ ತಿಂಗಳುಗಳಲ್ಲಿ. ನಮ್ಮಲ್ಲಿ ಹತ್ತಿ ಬಿಡಿಸಬೇಡಿ ಎಂದು ಹೇಳಲಾಗದಂತೆ ಇಲ್ಲಿ ಬೆಟ್ಟಕ್ಕೆ ಹೋಗಬೇಡಿ ಎಂದು ಹೇಳಲಾಗುವುದಿಲ್ಲ.

ಕೈಕಾಲಿಗೆ ಉಣುಗು ಕಚ್ಚದ ಎಣ್ಣೆ ಬಳಿದುಕೊಂಡು ಗಿರಿಜಾಳ ಜೊತೆ ಹೊರಟೆ. ಆ ದಾರಿಯಲ್ಲಿ ಎದೆಯೆತ್ತರದ ನಾಲ್ಕು ಕಲ್ಲುಗಳಿವೆ. ತಲೆಹೊರೆಯನ್ನು ಯಾರ ಕೈಯ ಸಹಾಯವೂ ಇಲ್ಲದೆ ಇಳಿಸಿ, ದಣಿವಾರಿಸಿ, ಮತ್ತೆ ತಲೆಗೇರಿಸಿಕೊಳ್ಳಲು ಹಳಬರು ನಿಲ್ಲಿಸಿದವು. ಹೊರೆ ಹೊತ್ತು ಮರಳುವಾಗ ಜೊತೆಯ ಹೆಂಗಸರು ಮೊದಲಿನ ಮೂರನ್ನೂ ದಾಟಿ ಹೋದರು. ಗಿರಿಜಾ ಮೊದಲನೆಯದರಲ್ಲೇ ಇಳಿಸಿದಳು.

ಮುಂದಿನಿಂದ ಒಬ್ಬಳು ಕೂಗಿದಳು, "ಗಿರಿಜಕ್ಕಾ, ಆ ಕಲ್ಲಿಗೆ ನಿನ್ನ ಹೆಸ್ರೇ ಕೆತ್ತಿಸ್ತೀವಿ ತಗಾ!"

"ಕೆತ್ಸಿ, ಕೆತ್ಸಿ. ನೆರಳಿಗೆ ಮೇಲೊಂದು ಮಾಡೂ ಕಟ್ಸಿ!" ಎಂದು ಗಿರಿಜಾ ಕೂಗಿದಳು. ಆಮೇಲೆ ಕಲ್ಲಿಗೆ ಬೆನ್ನು ಕೊಟ್ಟು ತಗ್ಗಿದ ದನಿಯಲ್ಲಿ ನನಗೆ ಹೇಳಿದಳು. "ಜ್ವರಕ್ಕೆ ಮುಂಚೆ ಮೇಲಿಂದ ಕೊಟ್ಗೆ ತನಕ ಇಳಿಸ್ತಿರ್ಲಿಲ್ಲ. ಈಗ ನಾಕೂ ಕಲ್ಲು ಬೇಕು. ಕಾಲು ನಂದಲ್ಲ ಅನ್ನಂಗೆ ಆಗ್ತದೆ. ಮನೇಲಿ ಮೈಗಳ್ಳಿ ಅಂತಾರೆ. ಆಸ್ಪತ್ರೆ ಚೀಟೀಲಿ ಹುಷಾರಾಗಿದೆ ಅಂತ ಬರ್ದಿದಾರೆ. ನೀವೂ ಅದೇ ಬರ್ದ್ರಿ."

"ನೀವೇ ಇಲ್ಲ ಅಂದಿರಿ."

"ಹೌದು, ಅಂದೆ. ಅತ್ತೆ ಎದ್ರಿಗೆ ಇನ್ನೆಂತ ಹೇಳ್ಳಿ? ಈಗ ಸರಿಯಾಗಿ ಬರೀರಿ. ನಿಮ್ಮ ಹಾಳೇಲೂ ಇಲ್ಲ ಅಂತಾದ್ರೆ ನಾನು ಸುಳ್ಳುಗಾರ್ತಿ ಅಂತ ಕಾಯಂ ಆಯ್ತು."

ನಾನು ಆ ದಿನ ಏನೂ ಬರೆಯಲಿಲ್ಲ. ಬರೆಯುವ ಹಕ್ಕು ಇನ್ನೂ ಇರಲಿಲ್ಲ. ಪ್ರಶ್ನೆ ಬದಲಿಸಬೇಕಾದರೆ ಸಂಶೋಧನೆಗಳನ್ನು ಪರಿಶೀಲಿಸುವ ನೀತಿ ಸಮಿತಿ ಒಪ್ಪಬೇಕು. ಕೋಣೆಗೆ ಬಂದು ಅರ್ಜಿ ಬರೆದೆ, ಮಾರ್ಗದರ್ಶಕರಿಗೆ ಆ ನಾಲ್ಕು ಕಲ್ಲುಗಳ ನಕ್ಷೆ, ಒಂದರಿಂದ ಇನ್ನೊಂದಕ್ಕೆ ಇರುವ ದೂರ, ಏರು ಎಲ್ಲವನ್ನೂ ಅಳೆದು ಕಳಿಸಿದೆ. ಸಮಿತಿಯ ಉತ್ತರ ಬರುವವರೆಗೆ ಊರನ್ನು ಬಿಡಬೇಡಿ ಎಂದು ಮೂರು ಸಲ ಫೋನ್ ಮಾಡಿದೆ. ಜೋರಾಗಿ ಮಾತನಾಡಿ ಅಭ್ಯಾಸವಿಲ್ಲ, ಮೂರನೆಯ ಸಲ ಶಾಂತಕ್ಕ ಕೆಳಗಿನಿಂದ "ಯಾರ ಸಂತಿಗೆ ಜಗಳ?" ಎಂದು ಕೇಳಿದರು.

ಒಪ್ಪಿಗೆ ಬರಲು ಎರಡು ತಿಂಗಳಾಯಿತು. ಹೊಸ ಪ್ರಶ್ನೆ ಇಷ್ಟೇ: ಜ್ವರಕ್ಕೆ ಮೊದಲು ಹೊರೆ ಎಲ್ಲಿ ಇಳಿಸುತ್ತಿದ್ದಿರಿ, ಈಗ ಎಲ್ಲಿ ಇಳಿಸುತ್ತೀರಿ? ಜಗಲಿಯಲ್ಲಲ್ಲ, ಒಬ್ಬೊಬ್ಬರನ್ನೇ ಕೇಳುವುದು. ಉತ್ತರಗಳು ಒಂದೇ ಆಗಿರಲಿಲ್ಲ. ಒಬ್ಬರು ಏನೂ ಬದಲಾಗಿಲ್ಲ ಎಂದರು, ಅದನ್ನೂ ಬರೆದೆ. ಉಳಿದವರು ಕಲ್ಲುಗಳನ್ನು ಎಣಿಸಿದರು.

ಅವರು ಒಪ್ಪಿದರೆ ಮನೆಯ ಇನ್ನೊಬ್ಬರನ್ನೂ ಬೇರೆಯಾಗಿ ಕೇಳಬಹುದಿತ್ತು. "ಅತ್ತೇನೇ ಕೇಳಿ" ಎಂದಳು ಗಿರಿಜಾ. ಅವಳು ಹೇಳಿದ್ದರ ಬಗ್ಗೆ ನಾನು ಬಾಯಿಬಿಡಲಿಲ್ಲ. ಹಿತ್ತಲಿನಲ್ಲಿ ಕಟ್ಟಿಗೆ ಜೋಡಿಸುತ್ತಿದ್ದ ಅತ್ತೆ ದೂರು ಹೇಳುವ ದನಿಯಲ್ಲೇ ಶುರುಮಾಡಿದರು.

"ಅದ್ರ ಕತೆ ಕೇಳ್ಬೇಡಿ. ಮುಂಚೆ ಎರಡು ಹೆಡ್ಗೆ ಒಂದರ ಮೇಲೊಂದು ಹೊತ್ಕಂಡು ಕೊಟ್ಗೆಗೇ ಬಂದು ಇಳಿಸ್ತಿತ್ತು. ನಮ್ಮೂರಲ್ಲಿ ಯಾರೂ ಹಂಗೆ ಹೊರ್ತಿರ್ಲಿಲ್ಲ. ಈಗ ಒಂದು ಹೆಡ್ಗೆಗೆ ನಾಕು ಕಲ್ಲು…"

ಕೈಯಲ್ಲಿದ್ದ ಕಟ್ಟಿಗೆಯನ್ನು ಜೋಡಿಸದೆ ಹಿಡಿದೇ ಇದ್ದರು. "ಅಂಥ ಹೆಣ್ಣು ಅದು" ಎಂದರು. ಗಿರಿಜಾ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಅತ್ತೆ ಎದ್ದು ಹೋಗಿ ಕೊಡ ಇಳಿಸಿಕೊಂಡರು.

ಊರು ಅಧ್ಯಯನದಲ್ಲಿ ಉಳಿಯಿತು. ಎರಡನೆಯ ಸಲ ರಕ್ತ ಕೊಡುವಾಗ ಗಿರಿಜಾಗೆ ಇರುವುದನ್ನೇ ಹೇಳಿದೆ: ಇದಕ್ಕೆ ನನ್ನ ಬಳಿ ಔಷಧ ಇಲ್ಲ, ಲಸಿಕೆ ಬಂದರೂ ಬರುವುದು ಮುಂದಿನವರಿಗೆ. "ಗೊತ್ತು. ಬರ್ದಿರಲ್ಲ, ಸಾಕು" ಎಂದು ತೋಳು ಮಡಚಿಕೊಂಡಳು. ನನಗೆ ಸಾಕಾಗಿಲ್ಲ. ಇನ್ನು ಮಾಗೋಡಿನ ಕಡೆಗೂ ಹೋಗಬೇಕು. ಅಲ್ಲಿ ಕಲ್ಲುಗಳಿಲ್ಲವಂತೆ, ಬೇರೇನಾದರೂ ಇರುತ್ತದೆ.

ಮೊನ್ನೆ ಸಂಜೆ ಅವ್ವನಿಗೆ ಫೋನ್ ಮಾಡಿದಾಗ ಕೈ ಹೇಗಿದೆ ಎಂದು ಕೇಳಲಿಲ್ಲ.

"ಅವ್ವಾ, ಎಷ್ಟನೇ ರೊಟ್ಟಿಗೆ ಕೈ ನಿಲ್ಲತೈತಿ?"

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

"ಮೂರನೇದಕ್ಕ" ಎಂದಳು ಅವ್ವ. "ಮಣಿಕಟ್ಟ ಹಿಡೀತೈತಿ. ಇಷ್ಟ ವರ್ಷಕ್ಕ ಇವತ್ತ ಕೇಳಿದಿ ನೋಡವಾ. ಅಲ್ಲಿ ಯಾರ ಕಲಿಸಿದ್ರು?"

ಗಿರಿಜಾಳ ನಿಜದ ಹೆಸರು ಹೇಳುವಂತಿಲ್ಲ, ಅದು ನಿಯಮ. ಇಲ್ಲಿಯವರು ಎಂದೆ. ಅವ್ವನ ಮೂರನೆಯ ರೊಟ್ಟಿಯನ್ನು ಬರೆಯಲು ನನ್ನ ಹಾಳೆಯಲ್ಲಿ ಜಾಗವಿಲ್ಲ. ಆ ಜ್ವರ ಬೇರೆ, ಆ ಊರು ಬೇರೆ. ಆದರೂ ಬೆಟ್ಟದ ದಾರಿಯ ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಊರಿಗೆ ಬಂದಾಗ ಅವ್ವನ ಪಕ್ಕ ಕುಳಿತು ನಾಲ್ಕನೆಯ ರೊಟ್ಟಿ ನಾನು ಬಡಿಯಬೇಕು. ನನಗೆ ಬರುವುದಿಲ್ಲ. ಇಲ್ಲಿಂದ ರಜೆ ಸಿಗುವುದು ಎಲೆ ಉದುರುವುದು ನಿಂತ ಮೇಲೆ.