ಕೌದಿ ಹೊಲಿಗೆ ಬಿದ್ದ ಟೈರು

ಘೋಡಗೇರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲು ಮಾರುವ ಮುರಿಗೆಪ್ಪನವರ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ತಾಯವ್ವ ಮುಂದಿನ ಗಾಲಿ ಬಿಚ್ಚುತ್ತಿದ್ದಾರೆ. ಪಂಕ್ಚರ್ ಎಂದು ಬಂದ ಮುರಿಗೆಪ್ಪ ಕ್ಯಾನುಗಳನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಚಹಾ ಹೀರುತ್ತಿದ್ದಾರೆ.

ಟೈರಿನೊಳಗೆ ಬೆರಳಾಡಿಸಿದ ತಾಯವ್ವ ಬೆಚ್ಚಿಬೀಳುತ್ತಾರೆ. ಒಳಗೆ ಹಳೇ ಸೀರೆಯ ತುಂಡು ಮಡಚಿ ಇಟ್ಟಿದೆ. ಅದರಡಿ ನಾಲ್ಕು ಬೆರಳಗಲದ ಸೀಳು, ಸೀಳಿಗೆ ಗೋಣಿದಾರದ ಹೊಲಿಗೆ. ಕೌದಿಗೆ ಹಾಕುವಂಥ ಒತ್ತೊತ್ತಾದ, ಚೆಂದದ ಹೊಲಿಗೆ! ಸೀಳಿದ್ದು ಮಾತ್ರ ತಾಯವ್ವನವರೇ.

“ಕಾಕಾ, ಇದು ನಾ ಕೊಯ್ದು ಒಗದ ಟೈರ್ ಐತಲ್ರಿ! ನಿಮಗ ಎಲ್ಲಿ ಸಿಕ್ತು?”

“ನಿನ್ನ ಅಂಗಡಿ ಹಿಂದ ಬಿದ್ದಿತ್ತವಾ. ನಮ್ಮ ಲಕ್ಕವ್ವ ದಬ್ಬಣ ಹಿಡದು ಹೊಲದಾಳ. ಹೊಲಿಗಿ ಹೆಂಗೈತಿ ನೋಡು!” ಹೆಂಡತಿಯ ಕೈಕೆಲಸದ ಬಗ್ಗೆ ಮುರಿಗೆಪ್ಪನವರಿಗೆ ಹೆಮ್ಮೆಯೋ ಹೆಮ್ಮೆ.

ಈ ಅಂಗಡಿ ಮೊದಲು ತಾಯವ್ವನ ಗಂಡ ವೀರಪ್ಪನವರದು. ಹೊಸ ಟೈರು ಒಂದೇ ತಂದರೆ ಅದು ಹಿಂದಕ್ಕೆ, ಹಿಂದೆ ಸವೆದದ್ದು ಮುಂದಕ್ಕೆ ಎಂಬುದು ಇಲ್ಲಿನ ರೂಢಿ. ಭಾರವೆಲ್ಲ ಹಿಂದೆ ತಾನೇ ಎಂಬ ಲೆಕ್ಕ. ವೀರಪ್ಪ ಊರಿಗೆಲ್ಲ ಹಾಗೇ ಹಾಕಿಕೊಟ್ಟರು, ತಮ್ಮ ಸೈಕಲ್ಲಿಗೂ ಹಾಗೇ ಹಾಕಿಕೊಂಡರು. ಹೊಳೆಯ ಇಳಿಜಾರಿನಲ್ಲಿ ಮುಂದಿನದು ಸಿಡಿಯಿತು. ಅವರ ಬಲಗೈ ಅಂದಿನಿಂದ ಮೇಲೇಳುವುದಿಲ್ಲ.

“ಹಿಂದಿಂದು ಒಡದ್ರ ಇಳದು ತಳ್ಳಕೊಂಡು ಬರಬಹುದ್ರಿ. ಮುಂದಿಂದು ಒಡದ್ರ ನೆಲಾನ ಎದ್ದು ಬಂದು ಮಾರಿಗೆ ಬಡೀತೈತಿ,” ಎಂದು ಬಂದವರಿಗೆಲ್ಲ ಹೇಳಿ ಹೊಸದನ್ನು ಮುಂದಕ್ಕೇ ಹಾಕುತ್ತಾರೆ ತಾಯವ್ವ.

ಹೆಣ್ಣುಮಗಳು ಹಾಕಿದ ಪಂಕ್ಚರ್ ನಿಲ್ಲುತ್ತದೆಯೇ ಎಂದು ಮೂಗು ಮುರಿದು, ಕೆಟ್ಟ ಸೈಕಲ್ಲನ್ನು ಪಕ್ಕದೂರಿಗೆ ತಳ್ಳಿಕೊಂಡು ಹೋಗಿ ಬೆವರಿಳಿಸಿಕೊಂಡ ಶೂರರೂ ಇದ್ದರು. ಈಗ ಬೆಲ್ಲದ ಬಾಗೇವಾಡಿ ಕಡೆಯವರೂ ಇಲ್ಲಿಗೇ ಬರುತ್ತಾರೆ. ದಿನಕ್ಕೆ ಏಳೆಂಟು ಪಂಕ್ಚರ್, ವಾರಕ್ಕೆ ಎರಡು ಮೂರು ಟೈರು. ಬಿಚ್ಚಿದ ಹಳೆಯದನ್ನು ಯಾರೂ ಮತ್ತೆ ಹಾಕಿಕೊಳ್ಳದಿರಲೆಂದು ಅದರ ಮಗ್ಗುಲನ್ನು ಕುಡುಗೋಲಿನಿಂದ ಸೀಳಿ ಹಿತ್ತಲಿಗೆ ಎಸೆಯುವುದು ಅವರ ಪದ್ಧತಿ.

“ಕೊಯ್ದದ್ದು ಕಂಡೂ ಹಾಕ್ಕೊಂಡ್ರೇನ್ರಿ ಕಾಕಾ?”

“ತಾಯವ್ವನ ಅಂಗಡಿ ಟೈರ್ ಐತಿ, ಕೈ ಕೊಡಾಂಗಿಲ್ಲ ಅಂತ ನಂಬಿಕಿ ಯವ್ವಾ.”

ತಾಯವ್ವ ಮತ್ತೊಮ್ಮೆ ಹೊಲಿಗೆಯ ಮೇಲೆ ಬೆರಳಾಡಿಸುತ್ತಾರೆ. ತಮ್ಮ ಹೆಸರನ್ನೇ ನಂಬಿ ಈ ಮನುಷ್ಯ ನಿನ್ನೆಯವರೆಗೂ ಹಾಲು ಹೇರಿಕೊಂಡು ಅದೇ ಇಳಿಜಾರು ಇಳಿದಿದ್ದಾರೆ! ಹಿತ್ತಲಿನಿಂದ ಇನ್ನೂ ಯಾರ್ಯಾರು ಒಯ್ದಿದ್ದಾರೋ, ಯಾವ್ಯಾವ ಮನೆಯಲ್ಲಿ ದಬ್ಬಣ ಓಡಿದೆಯೋ!

ಆಮೇಲೆ ಎದ್ದು ಹೊಸ ಟೈರುಗಳತ್ತ ನಡೆಯುತ್ತಾರೆ. ಮುರಿಗೆಪ್ಪ ಬಾಗಿಲಲ್ಲಿ ತೂಗುವ, ಫಳಫಳ ಹೊಳೆಯುವ ಟೈರಿನತ್ತ ಕೈ ತೋರುತ್ತಾರೆ.

“ಅದು ಬರೇ ತೋರಸಾಕ ಕಾಕಾ. ಬಿಸಿಲಾಗ ಒಣಗೈತಿ, ಎಣ್ಣಿ ಸವರಿದ್ದಕ್ಕ ಹೊಳೀತೈತಿ.”

ಒಳಗಿನಿಂದ ಮಾಸಲು ಬಣ್ಣದ್ದೊಂದನ್ನು ತೆಗೆದು, ಮಗ್ಗುಲ ಮೇಲಿನ ಅಳತೆ ನೋಡಿ, ಬಗ್ಗಿಸಿ ಬಿರುಕು ಹುಡುಕುತ್ತಾರೆ. ಅಂಚಿನ ತಂತಿಯುದ್ದಕ್ಕೂ ಹೆಬ್ಬೆರಳು ಓಡಿಸುತ್ತಾರೆ. ಎಲ್ಲ ಸರಿಯಿದ್ದ ಮೇಲೆ ಟ್ಯೂಬಿನ ತೂತಿಗೆ ತೇಪೆ ಹಚ್ಚಿ, ಆ ಟೈರನ್ನು ಮುಂದಿನ ಗಾಲಿಗೆ ಕೂರಿಸುತ್ತಾರೆ. ರೊಕ್ಕದ ಮಾತೆತ್ತಿದ ಮುರಿಗೆಪ್ಪನವರನ್ನು ಗದರಿ ಸುಮ್ಮನಾಗಿಸುತ್ತಾರೆ.

ಇಂದು ಕುಡುಗೋಲು ಮೂಲೆ ಸೇರಿದೆ. ಹೊಲಿದ ಟೈರನ್ನು ಒಳಗಿನಿಂದ ಬಂದ ವೀರಪ್ಪ ಎಡಗೈಯಲ್ಲಿ ಒತ್ತಿ ಹಿಡಿಯುತ್ತಾರೆ, ತಾಯವ್ವ ಕಟಿಂಗ್ ಪ್ಲೇಯರಿನಿಂದ ಅಂಚಿನ ಎರಡೂ ತಂತಿ ಕತ್ತರಿಸುತ್ತಾರೆ. “ತಂತಿ ಹ್ವಾದ್ರ ರಿಮ್ಮಿನ ಮ್ಯಾಲ ಕೂಡ್ರಾಂಗಿಲ್ಲ. ಇನ್ನ ಲಕ್ಕವ್ವ ಕಾಕಿ ಹೆಂಗ ಹೊಲದ್ರೂ ಅಷ್ಟ.” ಹಿತ್ತಲಿನ ರಾಶಿಗೂ ಇವತ್ತೇ ಇದೇ ಗತಿ.

ಮುರಿಗೆಪ್ಪ ಹೊರಡುತ್ತಾರೆ. ಅವರು ಇಳಿಜಾರು ದಾಟಿ ಆಚೆಯ ಏರಿನಲ್ಲಿ ಕಾಣುವವರೆಗೆ ತಾಯವ್ವ ರಸ್ತೆಯಲ್ಲೇ ನಿಂತಿದ್ದಾರೆ. ಅಷ್ಟರಲ್ಲಿ ನಿಡಸೋಸಿ ಕಡೆ ಹೊರಟ ಸೈಕಲ್ಲೊಂದನ್ನು ಅಡ್ಡಗಟ್ಟಿ, ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಮಗ್ಗುಲಲ್ಲಿ ಹೊಲಿಗೆಯಿದೆಯೇ ಎಂದು ಬೆರಳಾಡಿಸುತ್ತಾರೆ.

“ನನ್ನ ಹೆಸರ ನಂಬಿ ಹ್ವಾದವರು ಮನಿ ಮುಟ್ಟಬೇಕ್ರಿ,” ತಲೆಯೆತ್ತದೆ ಸವಾರನಿಗೆ ಹೇಳುತ್ತಾರೆ. “ಅಷ್ಟ ಸಾಕು.”